ಒಂದು ಬೆರಳು ಸಡಿಲ

೯ ಫೆಬ್ರವರಿ

ಮಾನ್ಯರೇ,

ನನ್ನ ಪರಿಚಯ ನಿಮಗಿಲ್ಲ. ಆಸ್ಪತ್ರೆಯ ದೊಡ್ಡ ಸಿಸ್ಟರ್ ನಿಮ್ಮ ವಿಳಾಸ ಕೊಟ್ಟರು. ಚಿಕಿತ್ಸೆ ಮುಗಿಸಿದವರು ಶುರು ಮಾಡುವವರಿಗೆ ಜೊತೆಯಾಗಬೇಕು ಎನ್ನುವುದು ಅವರ ಏರ್ಪಾಟು. ಹತ್ತಿರದವರು ಮಂಗಳವಾರ ಕ್ಯಾಂಟೀನಿನ ಹಿಂದಿನ ಕೋಣೆಯಲ್ಲಿ ಸೇರಿ ಮಾತಾಡಿಕೊಳ್ಳುತ್ತಾರೆ. ದೂರದವರಿಗೆ ಫೋನು. ನನಗೆ ಫೋನಿನಿಂದ ಉಪಯೋಗವಿಲ್ಲ. ಹೋದ ವರ್ಷ ಗಂಟಲಿನ ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆದರು. ಈಗ ಕತ್ತಿನಲ್ಲಿರುವ ತೂತಿನಿಂದ ಉಸಿರಾಡುತ್ತೇನೆ. ಧೂಳು ಹೋಗದಂತೆ ಕರವಸ್ತ್ರ ಕಟ್ಟಿಕೊಳ್ಳುತ್ತೇನೆ, ಅದು ಜಾರುತ್ತಿರುತ್ತದೆ.

"ನೀವು ಕಾಗದ ಬರೀರಿ. ಆ ಯಮ್ಮನೂ ಫೋನ್ ಎತ್ತಲ್ವಂತೆ. ಇಬ್ಬರಿಗೂ ಸರಿಹೋಗುತ್ತೆ," ಎಂದರು ಸಿಸ್ಟರ್, ಸಂಬಂಧ ಕುದುರಿಸುವವರ ಹಾಗೆ.

ಧೈರ್ಯ ಹೇಳಲು ನನಗೆ ಬರುವುದಿಲ್ಲ. ಗೊತ್ತಿರುವುದನ್ನು ಬರೆಯುತ್ತೇನೆ. ಔಷಧಿ ಏರಿಸುವ ವಾರ್ಡಿನ ಹೊರಗೆ ಕಿಟಕಿಯಿಂದ ಎರಡನೆಯ ಬೆಂಚಿನಲ್ಲಿ ಕೂರಿ. ಮೊದಲನೆಯದಕ್ಕೆ ಬಿಸಿಲು ಹೊಡೆಯುತ್ತದೆ, ಮೂರನೆಯದು ಶೌಚಾಲಯದ ಬಾಗಿಲಿಗೆ ಅಂಟಿಕೊಂಡಿದೆ. ಸ್ಟೀಲ್ ಚಮಚ ಬಾಯಿಗೆ ತುಕ್ಕಿನ ರುಚಿ ಕೊಡುತ್ತದೆ, ಮರದ್ದು ಒಯ್ಯಿರಿ. ಎಡಗಡೆಯ ಲಿಫ್ಟನ್ನು ನಂಬಬೇಡಿ. ಬಸ್ಸಿನಲ್ಲಿ ಹಿಂದಿನ ಸೀಟೂ ಬೇಡ, ಚಕ್ರದ ಮೇಲಿನ ಸೀಟೂ ಬೇಡ. ನಾನು ಡ್ರೈವಿಂಗ್ ಕಲಿಸುವವನು. ಕೊನೆಯದೊಂದನ್ನು ಮಾತ್ರ ಖಚಿತವಾಗಿ ಹೇಳಬಲ್ಲೆ.

ಉತ್ತರ ಬರೆಯಲೇಬೇಕೆಂದೇನಿಲ್ಲ.

ಇಂತಿ,
ಡ್ರೈವಿಂಗ್ ಮೇಷ್ಟ್ರು
(ಎಲ್ಲರೂ ಕರೆಯುವುದು ಹಾಗೆಯೇ)


೨೧ ಫೆಬ್ರವರಿ

ಮೇಷ್ಟ್ರಿಗೆ ನಮಸ್ಕಾರ.

ಧೈರ್ಯ ಹೇಳಲಿಲ್ಲವೆಂಬ ಒಂದೇ ಕಾರಣಕ್ಕೆ ಉತ್ತರ ಬರೆಯುತ್ತಿದ್ದೇನೆ. ಫೋನು ಎತ್ತದಿರುವುದಕ್ಕೂ ಕಾರಣವಿದೆ. ಎತ್ತಿದ ಕೂಡಲೇ ಆ ಕಡೆಯವರು ಅಳುತ್ತಾರೆ. ಕಾಯಿಲೆ ನನ್ನದು, ಸಮಾಧಾನ ಮಾಡಬೇಕಾದವಳೂ ನಾನೇ.

ನಾನು ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಗಂಡ ಹಡಗಿನಲ್ಲಿ ಅಡುಗೆ ಮಾಡುತ್ತಾರೆ, ವರ್ಷಕ್ಕೊಮ್ಮೆ ಬರುತ್ತಾರೆ. ಜೊತೆಗಿರುವುದು ನಾದಿನಿ. ಬಾಯಿ ಜೋರು, ಕೈ ನಿಧಾನ. ನನ್ನ ಎಡಗಡೆಯದನ್ನು ಪೂರ್ತಿ ತೆಗೆದಿದ್ದಾರೆ. ಅಲ್ಲಿಂದೀಚೆಗೆ ಗಿರಾಕಿಗಳ ಎದೆಯಳತೆ ತೆಗೆಯುವವಳು ನಾದಿನಿಯೇ. ನಾನು ಟೇಪು ಹಿಡಿದು ಹತ್ತಿರ ಹೋದರೆ ಅವರ ಕಣ್ಣು ಎಲ್ಲಿಗೆ ಹೋಗುತ್ತದೆಂದು ನನಗೆ ಗೊತ್ತು. ಅವರಿಗೂ ಗೊತ್ತು. ಆಮೇಲೆ ಇಬ್ಬರೂ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತೇವೆ.

ಕರವಸ್ತ್ರ ಜಾರುತ್ತದೆ ಎಂದಿರಿ. ಜಾರದೆ ಇನ್ನೇನು, ಅದನ್ನು ಮಾಡಿದ್ದು ಜೇಬಿಗೆ. ನಾನು ಹೊಲಿದು ಕಳಿಸುತ್ತೇನೆ. ಕತ್ತಿನ ಅಳತೆ ಕಳಿಸಿ. ಟೇಪಿನಲ್ಲಿ ಬೇಡ, ಒಂದೊಂದು ಮನೆಯ ಟೇಪು ಒಂದೊಂದು ಥರ ಹಿಗ್ಗಿರುತ್ತದೆ. ಬಿಳಿ ದಾರವನ್ನು ಹಿಂದಿನಿಂದ ಸುತ್ತಿ ಮುಂದಕ್ಕೆ ತನ್ನಿ. ಒಂದು ಬೆರಳು ಒಳಗೆ ಹೋಗುವಷ್ಟು ಸಡಿಲ ಬಿಡಿ. ತುದಿಗಳು ಸೇರಿದ ಕಡೆ ಎರಡಕ್ಕೂ ಒಂದೊಂದು ಗಂಟು ಹಾಕಿ, ಬಿಚ್ಚಿ ಲಕೋಟೆಯಲ್ಲಿಡಿ. ಬೇರೆ ಊರಿನ ಗಿರಾಕಿಗಳು ಕಳಿಸುವುದು ಹೀಗೆಯೇ. ದಾರಗಳನ್ನು ಮೊಳೆಗೆ ತೂಗುಹಾಕಿ ಚೀಟಿ ಅಂಟಿಸಿಟ್ಟಿರುತ್ತೇನೆ. ನೋಡಿದವರಿಗೆ ನೂಡಲ್ಸ್ ಒಣಗಿಸಿದ ಹಾಗೆ ಕಾಣುತ್ತದಂತೆ.

ಟೈಲರಮ್ಮ


೪ ಮಾರ್ಚ್

ಟೈಲರಮ್ಮನವರಿಗೆ,

ದಾರ ಇದರೊಳಗಿದೆ. ಅಳತೆ ತೆಗೆದವರು ಭಾವ. ನಾನಿರುವುದು ಅಕ್ಕ-ಭಾವನ ಮನೆಯ ಮಹಡಿಯಲ್ಲಿ. ಅಂದು ಭಾವನವರು ತಲೆಗೆ ಬಣ್ಣ ಹಚ್ಚಿಕೊಳ್ಳುವ ದಿನ. ಅವರು ಕೈ ತೊಳೆದು ಬರುವವರೆಗೆ ಕಾಯಬೇಕಾಯಿತು.

"ಅರವತ್ತಾದ್ಮೇಲೆ ಯಾರಿಗೆ ತೋರ್ಸೋಕ್ರೀ ಈ ಕರಿ ಕೂದ್ಲು? ದಿಂಬೆಲ್ಲ ಮಸಿ, ಮನೆಯೆಲ್ಲ ನಾತ!" ಎಂದು ಅಕ್ಕ ಕೂಗಾಡುತ್ತಿದ್ದಳು.

"ನಿಂಗೇ ಕಣೇ. ನೀನು ನೋಡದೆ ಇದ್ರೆ ನನ್ನ ತಪ್ಪಾ?" ಎಂದರು ಭಾವ.

ನಾತ ನನಗೆ ಗೊತ್ತಾಗಲಿಲ್ಲ. ಮೂಗಿನಲ್ಲಿ ಉಸಿರು ಹೋಗದವನಿಗೆ ವಾಸನೆ ಇಲ್ಲ. ಆಪರೇಷನ್ನಿನ ಮೊದಲು ಇದನ್ನು ಯಾರೂ ಹೇಳಿರಲಿಲ್ಲ. ಗ್ಯಾಸ್ ಸೋರಿದರೆ, ಊಟ ಹಳಸಿದರೆ, ನನ್ನ ಅಂಗಿ ಬೆವತರೆ, ಎಲ್ಲವನ್ನೂ ಇನ್ನೊಬ್ಬರು ಹೇಳಬೇಕು.

ಕೆಲಸಕ್ಕೆ ಮರಳಿದ್ದೇನೆ. ಮಾತೇ ಬಂಡವಾಳವಾಗಿದ್ದ ಕೆಲಸ. ಈಗ ಮರದ ಚಮಚದಲ್ಲಿ ಡ್ಯಾಶ್‌ಬೋರ್ಡಿಗೆ ಬಡಿಯುತ್ತೇನೆ. ಒಂದು ಬಡಿತ ಕ್ಲಚ್, ಎರಡು ಬ್ರೇಕ್, ಬಡಿಯುತ್ತಲೇ ಇದ್ದರೆ ದೇವರೇ ಗತಿ. ನನ್ನ ಬಳಿ ಉಳಿದಿರುವ ಹೆಚ್ಚಿನ ಶಿಷ್ಯರು ವಯಸ್ಸಾದವರು. ಒಬ್ಬರು ರಿಟೈರಾದ ಹೆಡ್‌ಮೇಡಂ. ಮಾತು ಬರದವನಿಗೆ ಕಿವಿಯೂ ಕೇಳುವುದಿಲ್ಲ ಎಂದು ಜನ ಕಿರುಚುತ್ತಾರೆ. ಅವರು ಮಾತ್ರ ಕಿರುಚುವುದಿಲ್ಲ. ಇಬ್ಬರ ಮಾತನ್ನೂ ಒಬ್ಬರೇ ಆಡುತ್ತಾರೆ. "ನಿಧಾನ ಅಂತೀರಾ ಮೇಷ್ಟ್ರೇ? ಆಯ್ತು ನಿಧಾನ. ಈಗ ಯಾಕೆ ಮುಖ ಹಾಗ್ಮಾಡ್ತೀರಿ?"

ಕಲಿಸುವ ಕಾರಿನಲ್ಲಿ ನನ್ನ ಕಾಲ ಕೆಳಗೂ ಒಂದು ಬ್ರೇಕ್ ಇದೆ. ಶಿಷ್ಯರಿಗೆ ಅದು ನೆನಪಿರುವುದಿಲ್ಲ. ತಾವೇ ನಿಲ್ಲಿಸಿದೆವು ಎಂದುಕೊಳ್ಳುತ್ತಾರೆ. ನಾನೂ ತಿದ್ದುವುದಿಲ್ಲ.

ಕ್ಲಾಸು ಮುಗಿದ ಮೇಲೆ ಮನೆಗೆ ಹೋಗಬೇಕು. ಹೋಗುವುದಿಲ್ಲ. ಸರ್ಕಲ್ಲು ಸುತ್ತುತ್ತೇನೆ. ಯಾವ ರಸ್ತೆಗೆ ತಿರುಗಿದರೂ ಅಲ್ಲಿ ಒಂದು ಮನೆ ಇರುತ್ತದೆ, ಊಟದ ಹೊತ್ತಾಗಿರುತ್ತದೆ.

ಮೇಷ್ಟ್ರು


೨೦ ಮಾರ್ಚ್

ಮೇಷ್ಟ್ರೇ,

ನಾಲ್ಕು ಕತ್ತುಪಟ್ಟಿ ಕಳಿಸಿದ್ದೇನೆ. ಎರಡು ಪದರದ ತೆಳು ನೀಲಿ ಹತ್ತಿ, ಹಿಂದೆ ಒತ್ತುಗುಂಡಿ. ಕೆಳಗಿನ ಅಂಚನ್ನು ಹೊಲಿಯದೆ ಬಿಟ್ಟಿದ್ದೇನೆ, ಕೆಮ್ಮಿದಾಗ ಎತ್ತಿ ಒರೆಸಿಕೊಳ್ಳಬಹುದು. ಅದೇ ಬಟ್ಟೆಯಲ್ಲಿ ನನಗೂ ಒಂದು ಟೋಪಿ ಮಾಡಿಕೊಂಡೆ. ಕೂದಲು ಉದುರುವ ಮೊದಲೇ ಬೋಳಿಸಿದೆವು. ನಾದಿನಿ ಬ್ಲೇಡು ಹಿಡಿದುಕೊಂಡು, "ಅತ್ತಿಗೇ, ನಿಮ್ಮ ತಲೆ ಇಷ್ಟು ಗುಂಡಗಿದೆ ಅಂತ ಗೊತ್ತೇ ಇರ್ಲಿಲ್ಲ," ಎಂದು ಅತ್ತಳು. ಅಳುವುದಕ್ಕೂ ಒಂದು ಕಾರಣ ಬೇಡವೇ.

ಎರಡನೆಯ ಬೆಂಚು ಸಿಕ್ಕಿತು. ಮರದ ಚಮಚಕ್ಕೆ ಋಣಿ.

ನಿಮಗೆ ವಾಸನೆ ಇಲ್ಲ, ನನಗೆ ಅದೇ ವಿಪರೀತ. ಪಕ್ಕದ ಬೀದಿಯಲ್ಲಿ ಯಾರೋ ಈರುಳ್ಳಿ ಹೆಚ್ಚಿದರೆ ಇಲ್ಲಿ ನನ್ನ ಹೊಟ್ಟೆ ತೊಳಸುತ್ತದೆ. ಎಡಗೈಯಲ್ಲಿ ಭಾರ ಎತ್ತುವಂತಿಲ್ಲ. ಬಕೆಟ್ಟು ಇರಲಿ, ಇಸ್ತ್ರಿ ಪೆಟ್ಟಿಗೆಯನ್ನೂ ಎತ್ತುವಂತಿಲ್ಲ. ಗಿರಾಕಿಗಳು ಬಾಗಿಲಲ್ಲೇ ನಿಂತು, "ಹುಷಾರಾದ್ಮೇಲೆ ಕೊಡಿ, ಅವಸರ ಇಲ್ಲ," ಎನ್ನುತ್ತಾರೆ. ಆಮೇಲೆ ಎದುರಿನ ಅಂಗಡಿಗೆ ಹೋಗುತ್ತಾರೆ. ಅವರ ದಾರಗಳು ಇನ್ನೂ ನನ್ನ ಮೊಳೆಯ ಮೇಲೇ ಇವೆ.

ಟೈಲರಮ್ಮ


೧೨ ಏಪ್ರಿಲ್

ಟೈಲರಮ್ಮನವರಿಗೆ,

ಕತ್ತುಪಟ್ಟಿ ಕಟ್ಟಿಕೊಂಡ ದಿನ ಹೆಡ್‌ಮೇಡಂ ಕಾರು ಹತ್ತುವ ಮೊದಲು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಇವತ್ತು ಟೆಸ್ಟ್ ನಂಗಾ, ನಿಮ್ಗಾ?" ಎಂದರು. ಉಪಕಾರವಾಯಿತು.

ಗಾಳಿ ಎದ್ದಿದೆ. ರಸ್ತೆಯ ಧೂಳೆಲ್ಲ ಕಾರಿನೊಳಗೆ. ಪಟ್ಟಿಗಳನ್ನು ದಿನಕ್ಕೆರಡು ಬಾರಿ ಒಗೆಯಬೇಕಾಗಿದೆ. ಇನ್ನೆರಡು ಸಿಕ್ಕರೆ ಅನುಕೂಲ. ಹಳೆಯ ದಾರ ಕಳೆದಿರಬಹುದೆಂದು ಮತ್ತೊಂದನ್ನು ಇಟ್ಟಿದ್ದೇನೆ. ಈ ಸಲ ನಾನೇ ಅಳೆದುಕೊಂಡೆ.

ಈ ತಿಂಗಳು ನಾನು ಆಸ್ಪತ್ರೆಗೆ ತೋರಿಸಿಕೊಳ್ಳಲು ಹೋಗಬೇಕಿತ್ತು. ಅಂದು ಯಾಕೋ ಕಾರಿನ ಕೆಲಸ ಬಂತು. ಊಟಕ್ಕೆ ಎಲ್ಲವನ್ನೂ ನೀರು ಮಾಡಿಕೊಳ್ಳುತ್ತೇನೆ, ಅಭ್ಯಾಸವಾಗಿದೆ. ಅಕ್ಕ ತಟ್ಟೆಯ ಮುಂದೆ ಕಾವಲು ಕೂರುವುದರಿಂದ ಊಟವನ್ನು ಮಹಡಿಗೇ ತರಿಸಿಕೊಳ್ಳುತ್ತೇನೆ. ಕಿಟಕಿಯ ಕೆಳಗೆ ಒಂದು ನಾಯಿ ಬಂದು ಸೇರಿಕೊಂಡಿದೆ. ದಿನದಿನಕ್ಕೆ ದಪ್ಪಗಾಗುತ್ತಿದೆ.

ಮೇಷ್ಟ್ರು


೨೨ ಏಪ್ರಿಲ್

ಮೇಷ್ಟ್ರೇ,

ದಾರ ಕಳೆಯುವ ಟೈಲರನ್ನು ನೀವು ಎಲ್ಲಿ ನೋಡಿದಿರೋ ಗೊತ್ತಿಲ್ಲ. ಹಳೆಯದೂ ಹೊಸದೂ ಒಂದೇ ಮೊಳೆಯ ಮೇಲೆ ಅಕ್ಕಪಕ್ಕ ತೂಗುತ್ತಿವೆ. ಹೊಸದು ಎರಡು ಬೆರಳು ಗಿಡ್ಡ. ಕತ್ತು ಸಣ್ಣಗಾಗುವುದು ಕಡೆಗೆ, ಮೇಷ್ಟ್ರೇ. ಮೊದಲು ಸೊಂಟ, ಆಮೇಲೆ ತೋಳು, ಆಮೇಲೆ ಕತ್ತು. ಹೆರಿಗೆ, ದುಃಖ, ಜ್ವರ ಎಲ್ಲವನ್ನೂ ದಾರದಲ್ಲಿ ನೋಡಿದವಳು ನಾನು.

ನಾಯಿ ದಪ್ಪಗಾಗಿದೆ ಎಂದು ಬರೆದಿದ್ದೀರಿ. ನೀವು ಏನು ನುಂಗುತ್ತಿದ್ದೀರಿ ಎಂದು ಬರೆಯಲಿಲ್ಲ.

ಆಸ್ಪತ್ರೆಗೆ ಹೋಗಿ. ಹೋಗಿ ಬಂದು ಅಳೆದ ದಾರ ಕಳಿಸಿ. ಅದಕ್ಕೆ ಮಾತ್ರ ಹೊಲಿಯುತ್ತೇನೆ.

ಟೈಲರಮ್ಮ


೩೦ ಏಪ್ರಿಲ್

ಟೈಲರಮ್ಮನವರಿಗೆ,

ನೀವು ಸುಮ್ಮನೆ ಗಾಬರಿಯಾಗಿದ್ದೀರಿ. ಮೊದಲ ಸಲ ಕಾಲರಿನ ಮೇಲೆ ಅಳೆದದ್ದಿರಬೇಕು, ಎರಡನೆಯ ಸಲ ನಾನೇ ಎಳೆದು ಬಿಗಿ ಮಾಡಿದ್ದಿರಬೇಕು. ಒಂದು ಬೆರಳಿನ ಸಡಿಲ ಬಿಡುವುದನ್ನೂ ಮರೆತಿರಬಹುದು. ಈಗ ಸರಿಯಾದ ದಾರ ಇಟ್ಟಿದ್ದೇನೆ. ಭಾನುವಾರ ಭಾವನವರ ಜೊತೆ ಕೂತು ನಿಧಾನವಾಗಿ ಅಳೆದದ್ದು. ಡಾಕ್ಟರು ಏನೂ ಹೇಳಲಿಲ್ಲ.

ನಿಮ್ಮ ಅಕ್ಷರ ಸಾಲು ಬಿಟ್ಟು ಇಳಿಯುತ್ತಿದೆ. ಔಷಧಿಗೆ ತಪ್ಪದೆ ಹೋಗುತ್ತಿದ್ದೀರಾ?

ಹೆಡ್‌ಮೇಡಂ ಮೊನ್ನೆ ಟೆಸ್ಟಿನಲ್ಲಿ ಫೇಲಾದರು. "ಬರೆಯೋ ಪರೀಕ್ಷೆ ಆಗಿದ್ರೆ ಫಸ್ಟ್ ಕ್ಲಾಸ್ ಬರ್ತಿತ್ತು," ಎಂದು ಇನ್‌ಸ್ಪೆಕ್ಟರಿಗೇ ಹೇಳಿ ಬಂದರು.

ಮೇಷ್ಟ್ರು


೨ ಜೂನ್

ಮೇಷ್ಟ್ರೇ,

ತಡವಾಯಿತು. ರಕ್ತದ ಎಣಿಕೆ ಇಳಿದು ಔಷಧಿಯನ್ನು ಎರಡು ಸಲ ಮುಂದೆ ಹಾಕಿದರು. ಅದೊಂದೇ ಕಾರಣವಲ್ಲ. ಈಗ ಬರೆಯಬಹುದು ಅನ್ನಿಸುತ್ತದೆ.

ನಿಮ್ಮ ದಾರ ಬರುವ ಹಿಂದಿನ ದಿನ ನಾನು ಆಸ್ಪತ್ರೆಯ ಬಸ್ಸನ್ನು ಬಿಟ್ಟಿದ್ದೆ. ಬಸ್ಸು ತಪ್ಪಿಹೋದದ್ದಲ್ಲ. ಸ್ಟಾಪಿನಲ್ಲಿ ಕೂತೇ ಇದ್ದೆ. ಬಸ್ಸು ಬಂತು, ಬಾಗಿಲು ತೆರೆಯಿತು, ಕಂಡಕ್ಟರ್ "ಬರ್ತೀರಾ ಇಲ್ವಾ?" ಎಂದ. ನಾನು ಇಲ್ಲವೆಂದು ತಲೆಯಾಡಿಸಿದೆ. ಸಾಕು ಅನ್ನಿಸಿತ್ತು. ಚಿಕಿತ್ಸೆ ಮುಗಿಸಿದವರು ಏನಾಗುತ್ತಾರೆಂದು ನಿಮ್ಮ ಗಿಡ್ಡ ದಾರ ನನಗೆ ತೋರಿಸಿತ್ತು. ಮರುದಿನ ಉದ್ದದ್ದು ಬಂತು. ಮೊದಲನೆಯದಕ್ಕಿಂತಲೂ ಉದ್ದ! ನಾದಿನಿಯನ್ನು ಕರೆದು ತೋರಿಸಿದೆ. "ನೋಡೇ, ಒಬ್ಬರು ಮೈ ಕೈ ತುಂಬಿಕೊಂಡಿದ್ದಾರೆ."

ಮತ್ತೆ ಹೋಗುತ್ತಿದ್ದೇನೆ. ಮನೆಯಿಂದ ಹೊರಡುವಾಗ ಆ ದಾರವನ್ನೊಮ್ಮೆ ಮುಟ್ಟಿ ಹೋಗುತ್ತೇನೆ. ಇಂಥದ್ದನ್ನೆಲ್ಲ ನಂಬುವವಳಲ್ಲ ನಾನು.

ಪಟ್ಟಿ ಕಳಿಸಿದ್ದೇನೆ. ಹೊಲಿಗೆ ಸ್ವಲ್ಪ ಸೊಟ್ಟ, ಮನಸ್ಸಿಗೆ ತಂದುಕೊಳ್ಳಬೇಡಿ.

ಟೈಲರಮ್ಮ


೧೧ ಜೂನ್

ಟೈಲರಮ್ಮನವರಿಗೆ,

ಪಟ್ಟಿ ಚೆನ್ನಾಗಿ ಕೂರುತ್ತದೆ.

ನಿಮ್ಮ ಕಾಗದವನ್ನು ಕಾರಿನಲ್ಲಿಟ್ಟುಕೊಂಡು ಸರ್ಕಲ್ಲು ಸುತ್ತಿದೆ. ಒಂದು ಉತ್ತರ ಬರೆದೆ, ಹರಿದೆ. ಇನ್ನೊಂದು ಬರೆದೆ. ಇದು ಮೂರನೆಯದು. ಇದರಲ್ಲಿ ಹೇಳುವಂಥದ್ದು ಏನೂ ಉಳಿದಿಲ್ಲ. ನೀವು ಔಷಧಿ ಮುಗಿಸಿ. ಬೇರೆ ಯಾವುದನ್ನೂ ಯೋಚಿಸಬೇಡಿ.

ಹೊಲಿಗೆ ಹೊಸ ಶಿಷ್ಯರು ಸ್ಟೇರಿಂಗ್ ಹಿಡಿದ ಹಾಗೆ ಹೋಗಿದೆ. ಹೊಲಿದವರು ಯಾರು?

ಮೇಷ್ಟ್ರು


೨೮ ಜೂನ್

ಹೊಲಿದವಳು ನಾದಿನಿ. ಮೊದಲು ನನ್ನದನ್ನು ಹೇಳಿಬಿಡುತ್ತೇನೆ, ಆಮೇಲೆ ನಿಮ್ಮದು.

ಏಪ್ರಿಲ್‌ನಿಂದ ನನ್ನ ಬೆರಳ ತುದಿಗಳು ಮರಗಟ್ಟಿವೆ. ಸೂಜಿ ಚುಚ್ಚಿದರೆ ರಕ್ತ ಕಂಡ ಮೇಲೆಯೇ ಗೊತ್ತಾಗುವುದು. ಗುಂಡಿ ಹಾಕಿಕೊಳ್ಳಲೂ ಕನ್ನಡಿ ಬೇಕು. ಡಾಕ್ಟರಿಗೆ ಹೇಳಲಿಲ್ಲ. ಹೇಳಿದರೆ ಔಷಧಿ ನಿಲ್ಲಿಸುತ್ತಾರೋ, ಇನ್ನು ಹೊಲಿಯಲು ಆಗುವುದೇ ಇಲ್ಲ ಎನ್ನುತ್ತಾರೋ, ಎರಡೂ ಹೆದರಿಕೆ.

ಮೊನ್ನೆ ಹೊರಡುವಾಗ ನಿಮ್ಮ ದಾರ ಮುಟ್ಟಿದೆ. ಮುಟ್ಟಿದೆನೋ ಇಲ್ಲವೋ ಎಂದು ಬೆರಳಿಗೆ ಗೊತ್ತಾಗಲಿಲ್ಲ. ಕಣ್ಣಿನಿಂದಲಾದರೂ ನೋಡೋಣವೆಂದು ಕಿಟಕಿಗೆ ಒಯ್ದೆ. ಎರಡು ಗಂಟಿನ ನಟ್ಟನಡುವೆ, ಕತ್ತಿನ ಹಿಂಭಾಗ ಬರುವ ಕಡೆ, ಒಂದು ಕರಿ ಕಲೆ. ಮೂಸಿ ನೋಡಿದೆ. ಇತ್ತೀಚೆಗೆ ನನ್ನ ಮೂಗಿಗೆ ಏನೂ ತಪ್ಪುವುದಿಲ್ಲ. ತಲೆಗೆ ಹಚ್ಚುವ ಬಣ್ಣ.

ಭಾನುವಾರ. ಭಾವನವರ ಜೊತೆ ಕೂತು. ನಿಧಾನವಾಗಿ.

ವಾಸನೆ ಬಂದಿದ್ದರೆ ಆ ದಾರ ಕಳಿಸುತ್ತಿರಲಿಲ್ಲ ನೀವು, ಅಲ್ಲವೇ? ಭಾವನವರ ಕತ್ತಿಗೆ ಪಟ್ಟಿ ಹೊಲಿಸಿದ್ದೇನೆ ನಾನು. ಭಾವನವರ ಕತ್ತನ್ನು ಮುಟ್ಟಿಕೊಂಡು ಔಷಧಿಗೆ ಹೋಗಿ ಬಂದಿದ್ದೇನೆ. ಆ ಪುಣ್ಯಾತ್ಮರಿಗೆ ನನ್ನ ನಮಸ್ಕಾರ ತಿಳಿಸಿ. ನಾನಾಗಿಯೇ ಹೊರಟೆ ಎಂದುಕೊಂಡಿದ್ದೆ. ಕಾಲ ಕೆಳಗೆ ಇನ್ನೊಂದು ಬ್ರೇಕ್ ಇಟ್ಟುಕೊಂಡು ತಿದ್ದದೆ ಸುಮ್ಮನಿರುವುದು ನಿಮಗೆ ರೂಢಿ.

ಅಂದು ಆಸ್ಪತ್ರೆಯಲ್ಲಿ ದೊಡ್ಡ ಸಿಸ್ಟರಿಗೆ ಎರಡನ್ನೂ ಹೇಳಿದೆ. ನನ್ನ ಬೆರಳಿಗೆ, "ಇಷ್ಟು ದಿನ ಯಾಕಮ್ಮ ಬಾಯಿ ಮುಚ್ಕೊಂಡಿದ್ರಿ?" ಎಂದು ಬೈದು ಡಾಕ್ಟರ ಬಳಿ ಎಳೆದುಕೊಂಡು ಹೋದರು. ಪ್ರಮಾಣ ಇಳಿಸಿದ್ದಾರೆ. ಬೆರಳು ತಿರುಗಿ ಬರಬಹುದು, ಬರಲು ತಿಂಗಳುಗಟ್ಟಲೆ ಹಿಡಿಯಬಹುದು. ನಿಮ್ಮ ವಿಷಯಕ್ಕೆ ಅವರು ಬೈಯಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾದದ್ದು. "ಆಪರೇಷನ್ ಆದ ಗಂಟಲು ಎಷ್ಟೋ ಜನಕ್ಕೆ ಬಿಗಿದುಕೊಳ್ಳುತ್ತೆ, ಹಿಗ್ಗಿಸಿ ಕಳಿಸ್ತಾರೆ. ಅದೂ ಇರಬಹುದು, ಇನ್ನೊಂದೂ ಇರಬಹುದು. ನೋಡದೆ ನಾನೇನು ಹೇಳ್ಲಿ?" ಎಂದರು. ಏಪ್ರಿಲ್‌ನಲ್ಲಿ ನೀವು ಅಲ್ಲಿಗೆ ಹೋಗಲೇ ಇಲ್ಲವಂತೆ. ಡಾಕ್ಟರು ಏನೂ ಹೇಳಲಿಲ್ಲ ಎಂದು ಬರೆದಿರಿ. ಅದಂತೂ ನಿಜವೇ.

ನೀವು ಹೋಗುವವರೆಗೆ ನಾನೂ ಹೋಗುವುದಿಲ್ಲ ಎಂದು ಬರೆಯೋಣವೆಂದುಕೊಂಡೆ. ಬರೆಯಲಾರೆ. ನಾನು ಅಷ್ಟು ಒಳ್ಳೆಯವಳಲ್ಲ. ನನಗೆ ಬದುಕಬೇಕು.

ಜುಲೈ ಹದಿನಾಲ್ಕಕ್ಕೆ ನನ್ನ ಕೊನೆಯ ಔಷಧಿ. ಎರಡನೆಯ ಬೆಂಚಿನಲ್ಲಿ ಇರುತ್ತೇನೆ. ಅಂದೇ ಗಂಟಲು ನೋಡುವವರ ಹತ್ತಿರ ನಿಮ್ಮ ಸರದಿಯನ್ನೂ ಸಿಸ್ಟರ್ ಬರೆಸಿದ್ದಾರೆ. ದಾರ ಬೇಡ. ಕತ್ತನ್ನೇ ತನ್ನಿ.


೮ ಜುಲೈ

(ಕಾರ್ಡು)

ಮೇಷ್ಟ್ರೇ, ಉತ್ತರ ಬರಲಿಲ್ಲ. ಪೋಸ್ಟಿನವನು ನನ್ನನ್ನು ಕಂಡರೆ ರಸ್ತೆ ದಾಟುತ್ತಾನೆ. ದಾರ ಇನ್ನೂ ಮೊಳೆಯ ಮೇಲಿದೆ, ಮೂರೂ. ಎಸೆಯಲು ಕೈ ಹೋಯಿತು, ಹಿಂದೆ ಬಂತು. ನಾದಿನಿ ಕೇಳುತ್ತಾಳೆ, "ಅತ್ತಿಗೇ, ಆ ಗಿರಾಕಿ ಬರ್ತಾರಾ?" ನಾನೇನು ಹೇಳಲಿ?


೧೪ ಜುಲೈ
ಎರಡನೆಯ ಬೆಂಚು

ಇದನ್ನು ಪೋಸ್ಟಿಗೆ ಹಾಕುವುದಿಲ್ಲ. ಇದೇ ಹಾಳೆಯಲ್ಲಿ ನಾನು ಬರೆದು ತೋರಿಸುತ್ತೇನೆ, ನೀವು ಬಾಯಲ್ಲಿ ಹೇಳಿ.

ಹೌದು, ನಾನೇ. ನಿಮ್ಮ ಟೋಪಿಯ ಬಟ್ಟೆ ನನ್ನ ಕತ್ತಿನಲ್ಲೂ ಇದೆಯಲ್ಲ.

ಅಷ್ಟು ಜೋರಾಗಿ ಬೇಡ. ಕಿವಿ ಸರಿಯಾಗಿದೆ.

ಬೆಳಿಗ್ಗೆಯೇ ಬಂದೆ. ಆಮೇಲೆ ಹೊರಗೆ ಹೋದೆ. ಗೇಟಿನವರೆಗೆ, ಬಸ್‌ಸ್ಟ್ಯಾಂಡಿನವರೆಗೆ. ಮತ್ತೆ ಬಂದೆ. ಕಾವಲಿನವನು ನನ್ನ ಬ್ಯಾಗು ತೆಗೆಸಿ ನೋಡಿದ.

ಬಸ್ಸಿನಲ್ಲಲ್ಲ. ಹೆಡ್‌ಮೇಡಂ ಕರೆತಂದರು. ಹೋದ ವಾರ ಪಾಸಾದರು. ಅವರದೇ ಕಾರು. ದಾರಿಯುದ್ದಕ್ಕೂ ಅವರೇ ಓಡಿಸಿದರು. ನನ್ನ ಕಾಲ ಕೆಳಗೆ ಬ್ರೇಕ್ ಇರಲಿಲ್ಲ. ಇಡೀ ದಾರಿ ಬರೀ ಕಾರಿನ ನೆಲ ಒತ್ತುತ್ತಿದ್ದೆ.

ಇಷ್ಟು ದಿನ ಯಾಕೆ ಬರಲಿಲ್ಲವೆಂದು ಕೇಳುತ್ತೀರೆಂದು ಗೊತ್ತಿತ್ತು. ಮನೆಯಲ್ಲಿ ಅದು ಬರೀ ಗಂಟಲಲ್ಲಿ ನಿಂತ ತುತ್ತು. ಇಲ್ಲಿಗೆ ಬಂದರೆ ಇವರು ಅದಕ್ಕೊಂದು ಹೆಸರಿಡುತ್ತಾರೆ. ಹೆಸರಿಲ್ಲದೆ ಇನ್ನಷ್ಟು ದಿನ ಇರೋಣವೆಂದುಕೊಂಡೆ.

ನಿನ್ನೆಯಿಂದ ನೀರೂ ಕಷ್ಟ.

ಅದು ಪಿನ್ನು. ಭಾವನ ಅಳತೆಯ ಪಟ್ಟಿಯನ್ನು ಮಡಿಸಿ ಚುಚ್ಚಿಕೊಂಡಿದ್ದೇನೆ. ನಗಿ, ಪರವಾಗಿಲ್ಲ. ನಿಮ್ಮ ನಗು ಹೀಗಿರುತ್ತದೆಂದು ಕಾಗದದಲ್ಲಿ ಗೊತ್ತಾಗುತ್ತಿರಲಿಲ್ಲ.

ಇಲ್ಲೇ ಅಳೆಯುತ್ತೀರಾ? ಎಲ್ಲರ ಮುಂದೆಯೇ? ಸರಿ.

ನಿಮ್ಮ ಕೈ ತಣ್ಣಗಿದೆ.

ಬೆರಳಿಗೆ ದಾರ ಗೊತ್ತಾಗುತ್ತಿದೆಯೇ?

ಸ್ವಲ್ಪವಾದರೂ?

ಒಂದು ಬೆರಳು ಸಡಿಲ ಬಿಡಬೇಕು ಎಂದಿದ್ದಿರಿ. ಯಾರ ಬೆರಳೆಂದು ಬರೆದಿರಲಿಲ್ಲ. ನಿಮ್ಮದೇ ಇರಲಿ.

ಎಷ್ಟಾಯಿತು ಎಂದು ಹೇಳಬೇಡಿ. ನಿಮ್ಮ ಮುಖದಲ್ಲೇ ಗೊತ್ತಾಯಿತು. ಗಂಟು ಹಾಕಿಬಿಡಿ.

ನನ್ನನ್ನೇ ಕರೆದದ್ದು. ನನಗೂ ಕೇಳಿಸಿತು.

ನೀವು ಬರಬೇಡಿ, ನಿಮ್ಮ ಸರದಿ ತಪ್ಪುತ್ತದೆ. ದಾರ ನಿಮ್ಮ ಹತ್ತಿರ ಇರಲಿ. ಹಾಳೆಯೂ ಇರಲಿ. ಇದರ ಹಿಂಬದಿ ಇನ್ನೂ ಖಾಲಿಯಿದೆ. ಅವರು ಏನೆಂದರೋ ಹೊರಗೆ ಬಂದು ಅಲ್ಲಿ ಬರೆಯುತ್ತೇನೆ, ಇದ್ದದ್ದು ಇದ್ದ ಹಾಗೆ.